ತಿಬ್ಬ ಚಮಚಕೊಕ್ಕಿನ ಫೋಟೋ ತೆಗೆದದ್ದು

ಹೂಂ ಅನ್ನೋರು ಹತ್ತಿರ ಬನ್ನಿ, ನಗೋರು ಆಮೇಲೆ ನಗಿ.

ಹಂಬಿನಕೆರೆ ಅಂತ ಒಂದೂರು. ಅಲ್ಲಿ ದೊಡ್ಡತಾಯಮ್ಮ, ಅವಳ ಮಗ ತಿಬ್ಬ. ಗಂಡ ಇದ್ದಾಗ ಊರಲ್ಲಿ ಫೋಟೋ ಸ್ಟುಡಿಯೋ ನಡೆಸ್ತಿದ್ದ. ಹಂಗಾಗಿ ಕ್ಯಾಮೆರಾ ವಿದ್ಯೆ ದೊಡ್ಡತಾಯಮ್ಮನಿಗೆ ಬಾಯಿಪಾಠ. ತಿಬ್ಬನೋ, ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ತಾಯಿಗೆ ತಲೆನೋವು.

ಒಂದಿನ ಮಹಡಿ ಮೇಲೆ ಸಂಡಿಗೆ ಇಡ್ತಾ ಇದ್ದಾಗ ಹಿತ್ತಿಲ ಕೆರೆಯಲ್ಲಿ ಅವಳಿಗೊಂದು ಬಿಳಿ ಹಕ್ಕಿ ಕಂಡಿತು. ಕೊಕ್ಕು ಥೇಟ್ ಚಮಚ! ಅದನ್ನೇ ನೋಡ್ತಾ ಮೆಟ್ಟಿಲು ಇಳಿದಳು, ಕಾಲು ಉಳುಕಿಸಿಕೊಂಡಳು.

ಅವಳು ಹೇಳಿದ್ದನ್ನ ಕೇಳಿ ಹಕ್ಕಿ ಹುಚ್ಚಿನ ರೇವಣ್ಣ ಮೇಷ್ಟ್ರು ನಕ್ಕುಬಿಟ್ಟರು. "ಇಪ್ಪತ್ತು ವರ್ಷದಿಂದ ಈ ಕೆರೆ ನೋಡ್ತಿದ್ದೀನಿ ತಾಯಮ್ಮ. ಚಮಚಕೊಕ್ಕು ಇಲ್ಲಿಗೆ ಬಂದೇ ಇಲ್ಲ. ನೀವು ನೋಡಿದ್ದು ಬೆಳ್ಳಕ್ಕಿ."

"ಬೆಳ್ಳಕ್ಕಿ ನೋಡದೆ ಬೆಳೆದೋಳಾ ನಾನು?"

ಮಾತು ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಆ ಚಮಚದಲ್ಲಿ ಅದು ಏನು ಬಡಿಸ್ಕೊಂಡು ತಿನ್ನುತ್ತೆ ಅನ್ನೋ ಕುತೂಹಲ ಅವಳನ್ನ ಕೂರಗೊಡಲಿಲ್ಲ. ಹಕ್ಕಿ ಅಷ್ಟರಲ್ಲಿ ಆಚೆ ದಡಕ್ಕೆ ಸರಿದಿತ್ತು. ಫೋನಿನಲ್ಲಿ ತೆಗೆದರೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಗಂಡನ ಕ್ಯಾಮೆರಾ ಪೆಟ್ಟಿಗೆ ಬಿಚ್ಚಿ ಮಗನನ್ನ ಕರೆದಳು.

"ತಿಬ್ಬಾ, ಚಿಕ್ಕ ಲೆನ್ಸು ಮದುವೆಮನೆಗೆ. ದೂರದ ಹಕ್ಕಿಗೆ ಉದ್ದ ಲೆನ್ಸ್ ಹಾಕಬೇಕು, ತಿಳೀತಾ?"

"ತಿಳೀತವ್ವ!"

ಹೋದ. ಸಂಜೆ ಕೆಸರು ಮೆತ್ತಿಕೊಂಡು ಬಂದ. "ಹಾಕೋಕೆ ಹೋದೆ ಕಣವ್ವ. ಹಕ್ಕಿ ಕತ್ತೇ ಕೊಡಲಿಲ್ಲ, ಹಾರೋಯ್ತು!"

"ಅಯ್ಯೋ ದಡ್ಡ! ಲೆನ್ಸು ಹಾಕೋದು ಕ್ಯಾಮೆರಾಗೆ ಕಣೋ! ಹಕ್ಕಿ ಹತ್ತಿರ ಹೋಗಲೇಬೇಡ. ದೂರ ನಿಲ್ಲು. ಉದ್ದ ಲೆನ್ಸೇ ಹಕ್ಕಿನ ಹತ್ತಿರ ತರುತ್ತೆ."

"ಹಂಗಾ? ಸರಿ ಅವ್ವ!"

ಮಾರನೇ ದಿನ ಲೆನ್ಸನ್ನ ಕ್ಯಾಮೆರಾಗೇ ಹಾಕಿದ. ದೂರವೇ ನಿಂತ. ಜೊತೆಗೆ ಕೋಳಿ ಮುಚ್ಚೋ ಮಂಕರಿ ಹಿಡ್ಕೊಂಡು ನಿಂತ! "ಸಂಜೆವರೆಗೂ ಕಾದೆ ಅವ್ವ. ಲೆನ್ಸು ಹಕ್ಕಿನ ತರಲೇ ಇಲ್ಲ."

"ತರೋದು ಅಂದ್ರೆ ಹತ್ತಿರ ಕಾಣಿಸೋದು ಕಣೋ! ಬಟನ್ ಒತ್ತೋ, ಬಟನ್ ಒತ್ತು!"

ಒತ್ತಿದ. ಹಕ್ಕಿ ಹಾರುವಾಗ ಒತ್ತಿದ. ಬಂದದ್ದು ಕಲಸಿದ ಮೊಸರನ್ನ.

"ಹಾರೋ ಹಕ್ಕಿಗೆ ಶಟರ್ ನಿಧಾನ ಆಗಬಾರದು ಮಗಾ. ಸಾವಿರಕ್ಕೆ ಹೋಗಬೇಕು. ಸರ್ರಂತ ತೆಗೀಬೇಕು, ಸರ್ರಂತ ಮುಚ್ಚಬೇಕು."

"ಅಷ್ಟೇನಾ? ಅದು ನನಗೆ ಬರುತ್ತೆ!"

ತಿಬ್ಬ ಕೆರೆಗೆ ಹೋಗಲಿಲ್ಲ, ಪೇಟೆಬೀದಿಗೆ ಹೋದ. ಅಪ್ಪನ ಸ್ಟುಡಿಯೋ ಶಟರ್ ಸರ್ರಂತ ಎತ್ತಿದ, ಸರ್ರಂತ ಎಳೆದ. ಎತ್ತಿದ, ಎಳೆದ. ಬೀದಿಗೆ ಬೀದಿಯೇ ಸೇರಿತು.

"ಏನೋ ತಿಬ್ಬಾ ಇದು?"

"ಹಕ್ಕಿ ಫೋಟೋ ಕಣಣ್ಣ! ಮಾತಾಡಿಸಬೇಡ, ಲೆಕ್ಕ ತಪ್ಪುತ್ತೆ. ಮುನ್ನೂರ ಹದಿನಾರು... ಮುನ್ನೂರ ಹದಿನೇಳು..."

ದರ್ಜಿ ನಂಜಪ್ಪ ರಟ್ಟೆ ಹಿಡಿದು ಮನೆಗೆ ತಂದುಬಿಟ್ಟ. ತಾಯಿ ಗದರಿಕೊಂಡಳು.

"ಶಟರ್ ಇರೋದು ಕ್ಯಾಮೆರಾ ಒಳಗೆ ಕಣೋ ಮೂಢ! ಅದನ್ನ ನಾನೇ ಸಾವಿರಕ್ಕೆ ಇಟ್ಟುಕೊಡ್ತೀನಿ. ನೀನು ಒಂದೇ ಕೆಲಸ ಮಾಡು. ಹಕ್ಕಿ ಕಣ್ಣಿಗೆ ಫೋಕಸ್ ಹಾಕು. ಕಣ್ಣು ಚೆನ್ನಾಗಿ ಬಂದ್ರೆ ಫೋಟೋಗೆ ಜೀವ ಬರುತ್ತೆ."

"ಫೋಕಸ್ ತಾನೆ? ಹಾಕ್ತೀನಿ!"

ಪಕ್ಕದ ಮನೆ ಟ್ರ್ಯಾಕ್ಟರ್ ಫೋಕಸ್ ಲೈಟು ಬಿಚ್ಚಿದ, ಬ್ಯಾಟರಿ ಹೊತ್ತ, ಬೆಳಬೆಳಗ್ಗೆ ಹಕ್ಕಿ ಕಣ್ಣಿಗೇ ಹಾಕಿದ! ಕೆರೆಗೆ ಕೆರೆಯೇ ಭರ್ರಂತ ಎದ್ದುಹೋಯ್ತು.

ಎರಡು ದಿನ ಹಕ್ಕಿ ಸುಳಿವಿಲ್ಲ. ದೊಡ್ಡತಾಯಮ್ಮ ಬೈಯಲೂ ಇಲ್ಲ. ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. "ಇನ್ನು ಬರಲ್ಲ ಬಿಡು," ಅಂದಳು. ತಿಬ್ಬನಿಗೆ ಅದು ಬೈಗುಳಕ್ಕಿಂತ ಕಷ್ಟವಾಯ್ತು. ಹೊತ್ತು ಹುಟ್ಟೋ ಮೊದಲೇ ಹೋಗಿ ದಡದಲ್ಲಿ ಕಾದ.

ಮೂರನೇ ದಿನ ಓಡಿಬಂದ. "ಅವ್ವಾ, ಬಂದಿದೆ! ಈಚೆ ದಡಕ್ಕೇ ಬಂದಿದೆ! ಸೌಟಿನಲ್ಲಿ ಸಾರು ಕಲಕೋ ಹಂಗೆ ನೀರು ಕಲಕ್ತಿದೆ!"

"ಏನು ತಿಂತಿದೆಯೋ?"

"ಅದನ್ನ ನೋಡು ಅಂತ ನೀನು ಹೇಳಲಿಲ್ವಲ್ಲವ್ವ!"

ತಾಯಿ ಹಣೆ ಚಚ್ಚಿಕೊಂಡಳು. ಕ್ಯಾಮೆರಾನ ಮಗನ ಕೊರಳಿಗೆ ಹಾಕಿದಳು. "ಎಲ್ಲಾ ಹೊಂದಿಸಿದ್ದೀನಿ. ಪೊದೆ ಹಿಂದೆ ಕೂತ್ಕೊ, ಅಲ್ಲಾಡಬೇಡ. ಹಕ್ಕಿ ಪೂರ್ತಿ ಫ್ರೇಮಿನೊಳಗೆ ಬರಬೇಕು. ಕೊಕ್ಕು ಆಚೆ ಹೋಗಬಾರದು!"

ಹೋದ. ಆದರೂ ತಾಯಿಗೆ ಧೈರ್ಯ ಸಾಲಲಿಲ್ಲ. ಮೇಷ್ಟ್ರನ್ನ ಕರೆಸಿ, ಅವರ ಸ್ಕೂಟರ್ ಹಿಂದೆ ಕುಂಟುಗಾಲಲ್ಲೇ ಹತ್ತಿ ಕೆರೆಗೆ ಹೋದಳು.

ನೋಡಿದರೆ, ಸ್ಟುಡಿಯೋದ ದೊಡ್ಡ ಖಾಲಿ ಮರದ ಫ್ರೇಮು, ಎರಡು ಬಿದಿರ ಗಳಕ್ಕೆ ಕಟ್ಟಿ, ನೀರಲ್ಲಿ ನೆಟ್ಟಿದೆ! ತಿಬ್ಬ ಪೊದೆ ಹಿಂದೆ ಕಲ್ಲಿನ ಹಾಗೆ ಕೂತಿದ್ದಾನೆ. ಆ ಹಕ್ಕಿಯೋ, ಕೊಕ್ಕಿನಿಂದ ನೀರು ಕಲಕ್ತಾ ಕಲಕ್ತಾ ಬಂತು, ಬಂತು, ಸರಿಯಾಗಿ ಫ್ರೇಮಿನ ನಡುವೆ ನಿಂತಿತು! ಚಮಚದಲ್ಲೊಂದು ಪುಟ್ಟ ಮೀನು ಮಿಣಕ್ ಅಂತು. ತಲೆ ಎತ್ತಿತು, ಗುಳುಂ!

"ಮೀನು! ಮೀನು ತಿನ್ನೋದು!" ದೊಡ್ಡತಾಯಮ್ಮ ಪಿಸುಗುಟ್ಟಿದಳು. ಕಾಲುನೋವು ಮರೆತೇಹೋಯ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಚಮಚಕೊಕ್ಕೇ! ತಪ್ಪಾಯ್ತು ತಾಯಮ್ಮ, ನೀವು ಹೇಳಿದ್ದೇ ನಿಜ!"

"ಲೋ ತಿಬ್ಬಾ, ನೋಡ್ತಾ ಕೂತ್ಯಲ್ಲೋ! ಬೇಗ ಫೋಟೋ ತೆಗಿಯೋ!" ಅಂದಳು ತಾಯಿ.

ತಿಬ್ಬ ಎದ್ದ. ಕ್ಯಾಮೆರಾನ ಜೋಪಾನವಾಗಿ ಕಲ್ಲಿನ ಮೇಲಿಟ್ಟ. ದಬದಬ ನೀರಿಗಿಳಿದ. ಹಕ್ಕಿ ಪುರ್ರಂತ ಹಾರಿತು. ಫ್ರೇಮನ್ನ ಎರಡೂ ಕೈಯಲ್ಲಿ ಕಿತ್ತು, ತಲೆ ಮೇಲೆತ್ತಿ ಕೂಗಿದ:

"ತೆಗೆದೆ ಕಣವ್ವಾ! ಎಲ್ಲಿ ನೇತುಹಾಕಲಿ?"