ಕುಣಿಯುವ ಮುಳ್ಳು

ಜೀಪು ಓಡಿಸೋದರಲ್ಲಿ ನಮ್ಮ ಹೋಬಳಿಗೇ ನಾನೊಬ್ಬ. ಅಂಥ ನನ್ನನ್ನೇ, ನಾನು ಡ್ರೈವರಾಗಿದ್ದ ರೈಸ್‌ಮಿಲ್ಲಿನ ಯಜಮಾನರು ಎಂಜಿನ್ ಆಯಿಲ್ ಕಳ್ಳ ಅಂದುಬಿಟ್ಟರು. ಕಾರಣ, ಆಯಿಲ್ ಕಮ್ಮಿಯಾದರೆ ಬೀಳುವ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು. ಒಮ್ಮೆ ಏರುತ್ತಿತ್ತು, ಒಮ್ಮೆ ಸೊನ್ನೆಗೆ ಬೀಳುತ್ತಿತ್ತು. ಸಂತೆಗೆ ಹೊರಟಾಗ ಯಜಮಾನರು ಗುಡುಗಿದರು.

"ಸಂತೆ ಮುಟ್ಟೋದ್ರೊಳಗೆ ಈ ಮುಳ್ಳು ನಿಲ್ಲಲಿಲ್ಲ ಅಂದ್ರೆ ಕೀಲಿ ಕೊಟ್ಟು ಮನೆಗೆ ನಡಿ!"

ನನಗೂ ತಲೆ ಕೆಟ್ಟಿತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಭರ್ತಿ. ನಾನೊಬ್ಬನೇ ಓಡಿಸಿದರೆ ಮುಳ್ಳು ಅಲ್ಲಾಡದು. ಯಜಮಾನರು ಪಕ್ಕದಲ್ಲಿ ಕೂತರೆ ಕುಣಿತ. ಅರ್ಧ ದಾರಿಯಲ್ಲಿ ಗೊತ್ತಾಯಿತು. ಅವರು ಕಾಲು ಅಲ್ಲಾಡಿಸಿದಾಗಲೆಲ್ಲ, ಕೆಳಗೆ ಜೋತುಬಿದ್ದ ಮೀಟರಿನ ವೈರು ಕಾಲಿಗೆ ಸಿಕ್ಕಿ ಅಲುಗಾಡುತ್ತಿತ್ತು. ಆದರೆ ಅವರಿಗೆ ಕಾಲು ಸುಮ್ಮನಿಡಿ ಅನ್ನೋರು ಯಾರು?

"ಯಜಮಾನ್ರೇ, ನಿಮ್ಮ ಕಾಲಲ್ಲಿ ಮುಳ್ಳು!"

ಗಾಬರಿಬಿದ್ದು ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು ತಡಕಿದರು.

"ಎಲ್ಲೋ? ಕಾಣಿಸ್ತಿಲ್ವಲ್ಲೋ!"

"ಮೀಟರಲ್ಲಿ ನೋಡಿ."

ಮುಳ್ಳು ನೆಟ್ಟಗೆ ನಿಂತಿತ್ತು. ಕಾಲು ಇಳಿಸಿ ಅಲ್ಲಾಡಿಸಿದರು, ಬಿತ್ತು. ಎತ್ತಿದರು, ಎದ್ದಿತು. ಯಜಮಾನರು ಒಮ್ಮೆ ಕಾಲು ನೋಡಿದರು, ಒಮ್ಮೆ ಮೀಟರು ನೋಡಿದರು.

"ಅಲ್ವೋ, ಹಾಗಾದ್ರೆ ಆಯಿಲ್ ಕದೀತಿದ್ದಿದ್ದು ನನ್ನ ಕಾಲಾ?"

"ಹೌದು ಯಜಮಾನ್ರೇ. ಆದ್ರೆ ಅದನ್ನ ಮನೆಗೆ ನಡಿ ಅನ್ನಬೇಡಿ. ಜೊತೆಗೆ ನೀವೂ ನಡೀಬೇಕಾಗುತ್ತೆ."