ಹತ್ತದೆ ಉಳಿದ ಗುಡ್ಡ

ಹಿಮಾಲಯದಲ್ಲಿ ಒಂದು ಹೊಳೆಯ ದಂಡೆ. ಅಲ್ಲಿ ಕನ್ನಡ ನಾಡಿನಿಂದ ಹೋಗಿ ನೆಲೆಸಿದ ಅಡವಯ್ಯಜ್ಜಾರ ಆಶ್ರಮ. ಆಶ್ರಮವೆಂದರೆ ದೊಡ್ಡದೇನಲ್ಲ. ಅಜ್ಜಾರು, ಶಿಷ್ಯ ಚನ್ನವೀರ, ಅಡಿಗೆಯ ರಾಚವ್ವ, ಒಂದು ಆಕಳು. ಅಷ್ಟೇ ಸಂಸಾರ.

ಆಶ್ರಮದ ಹಿಂದಿನ ಗುಡ್ಡದ ನೆತ್ತಿಯ ಮೇಲೆ ಅಜ್ಜಾರ ಗುರುಗಳ ಸಮಾಧಿಯ ಗದ್ದುಗೆ ಇತ್ತು. ಹಿಮ ಕರಗಿ, ವೈಶಾಖದ ಆಗಿ ಹುಣ್ಣಿಮೆ ಬಂದಾಗ ಅಜ್ಜಾರು ವರ್ಷವೂ ಅಲ್ಲಿಗೆ ಹತ್ತಿ ಹೋಗಿ ಹಣೆ ಹಚ್ಚಿ ಬರುತ್ತಿದ್ದರು.

ಅವರ ಪರಂಪರೆಯಲ್ಲಿ ಒಂದು ಕಟ್ಟು. ಗುರುವಿನ ಗದ್ದುಗೆಗೆ ಕಾಲ್ನಡಿಗೆಯಲ್ಲೇ ಹೋಗಬೇಕು. ಮುಪ್ಪಿನವರಿಗೆ ಆಸರೆ ಬೇಕಾದರೆ ತಮ್ಮ ಶಿಷ್ಯನ ಹೆಗಲು ಹಿಡಿಯಬಹುದು. ಡೋಲಿ, ಕುದುರೆ, ಕೂಲಿಯವನ ಕೈ ಯಾವುದೂ ಸಲ್ಲದು.

ಚಳಿಗಾಲ ಹೊಕ್ಕ ಒಂದು ದಿನ ಅಜ್ಜಾರು ಹೇಳಿದರು, "ಚನ್ನವೀರಾ, ಈ ಸಲ ಹೋಗಿ ಬಂದ್ರ ನಂದು ಮುಗೀತು. ಮುಂದಿನ ವರ್ಷ ಈ ಕಾಲು ಗುಡ್ಡ ಏರೂದಿಲ್ಲ."

"ಹಂಗನಬ್ಯಾಡ್ರಿ ಅಜ್ಜಾರ. ನಾ ಇದ್ದೀನಲ್ರಿ."

"ನೀ ಇದ್ದೀ ಅಂತನ ಈ ವರ್ಷದ ಮಾತು ಆಡಾಕತ್ತೀನಿ."

ಇಂಥ ಮಾತು ಕೇಳಿದ ಮೇಲೆ ಹುಡುಗ ಸುಮ್ಮನಿರಬೇಕಿತ್ತು. ಆದರೆ ಹರೆಯಕ್ಕೆ ಎಲ್ಲ ಬರುತ್ತದೆ, ಸುಮ್ಮನಿರುವುದೊಂದು ಬರುವುದಿಲ್ಲ.

ಕೆಳಗಿನ ಪೇಟೆಯ ಹುಡುಗರು ಗುಡ್ಡದ ಇಳಿಜಾರಿನಲ್ಲಿ ಸ್ಕೀಯಿಂಗ್ ಆಡಲು ಬರುತ್ತಿದ್ದರು. ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ. ಕಟ್ಟಿಗೆಗೆ ಹೋದಾಗಲೆಲ್ಲ ಚನ್ನವೀರ ನಿಂತು ನೋಡುತ್ತಿದ್ದ. ನೋಡಿ ನೋಡಿ ಅವನಿಗೂ ಆಸೆ ಹುಟ್ಟಿತು.

"ಅಜ್ಜಾರ, ನಾನೂ ಒಂದು ಸಲ ಜಾರಿ ನೋಡ್ಲ್ಯಾ?"

"ನಿಂದ್ರೂದು ಹೆಂಗಂತ ಕಲಿಸಿದ್ರೇನು?"

"ಮೊದಲು ಜಾರೂದು ಕಲೀತೀನ್ರಿ. ನಿಂದ್ರೂದು ತಾನ ಬರ್ತೈತಿ."

ಅಜ್ಜಾರು ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಚನ್ನವೀರ ಅದನ್ನೇ ಹೂಂ ಅಂತ ಹಿಡಿದ. ಬೇಕಾದ ಉತ್ತರ ಹುಡುಕುವವರಿಗೆ ಮೌನದಲ್ಲಿ ಬೇಗ ಸಿಗುತ್ತದೆ.

ಜಾರಿದ. ಚೆಂದವೇ ಜಾರಿದ. ಕಿವಿಯಲ್ಲಿ ಗಾಳಿ ತುಂಬಿ, ತನ್ನಷ್ಟಕ್ಕೆ ತಾನೇ ನಕ್ಕ. ಇಳಿಜಾರು ಮುಗಿಯುವಲ್ಲಿ ನಿಲ್ಲಲು ಬರಲಿಲ್ಲ. ಮೈ ಒಂದು ಕಡೆ ತಿರುಗಿತು, ಹಿಮದಲ್ಲಿ ಸಿಕ್ಕಿಕೊಂಡ ಕಾಲು ತಿರುಗಲಿಲ್ಲ. ಮೊಣಕಾಲಿನೊಳಗೆ ಟಪ್ಪೆಂದು ಸಪ್ಪಳವಾಯಿತು. ಆ ಸಪ್ಪಳ ಅವನಿಗಷ್ಟೇ ಕೇಳಿಸಿತು.

ಪೇಟೆಯ ಡಾಕ್ಟರು ಕಾಲು ನೋಡಿ ಲಿಗಮೆಂಟ್ ಹರಿದಿದೆ ಅಂದರು. ಎಲುಬನ್ನು ಎಲುಬಿಗೆ ಬಿಗಿದು ಹಿಡಿಯುವ ನಾರು ಅದು. ಪೂರ್ತಿ ಹರಿದಿಲ್ಲ, ತಾನಾಗಿ ಕೂಡಿಕೊಳ್ಳಬಹುದು, ಆದರೆ ತಿಂಗಳುಗಟ್ಟಲೆ ಬೇಕು. ಪಟ್ಟಿ ಕಟ್ಟಿಕೋ, ವ್ಯಾಯಾಮ ಬಿಡಬೇಡ, ಮೊಣಕಾಲೂರಿ ಕೂರಬೇಡ, ಅವಸರ ಮಾಡಬೇಡ ಅಂತ ಹೇಳಿ ಕಳಿಸಿದರು.

ರಾಚವ್ವ ಬಿಸಿನೀರು ತಂದಿಟ್ಟು ಕೇಳಿದಳು, "ಜಾರಿ ಬೀಳಾಕ ಎಷ್ಟು ಹೊತ್ತು ಹಿಡೀತೋ?"

"ಒಂದು ಗಳಿಗಿ, ರಾಚವ್ವಾ."

"ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ದೊಣ್ಣಿ ಕೆಲಸ ಮುಗೀತು. ಇನ್ನ ಕುಂಬಾರನ ಪಾಳಿ, ಕುಂದ್ರು."

ಕುಂಬಾರನ ಪಾಳಿ ಬಲು ನಿಧಾನ. ಟವೆಲ್ಲು ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತಬೇಕು, ಬಿಡಬೇಕು. ಕಾಲು ನೆಟ್ಟಗೆ ಮಾಡಿ ಎತ್ತಬೇಕು, ಇಳಿಸಬೇಕು. ಒಂದು ತೊಡೆ ಬಡಕಲಾಗಿ ಇನ್ನೊಬ್ಬರ ತೊಡೆಯ ಹಾಗೆ ಕಾಣತೊಡಗಿತು.

ಅಷ್ಟು ದಿನ ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದವನು ಚನ್ನವೀರ. ಈಗ ಅಜ್ಜಾರೇ ಒಂದು ಸಣ್ಣ ತಂಬಿಗೆ ಹಿಡಿದು ಹತ್ತಾರು ಸಲ ಹೋಗಿ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಅವನು ಆ ತಂಬಿಗೆಗಳನ್ನು ಎಣಿಸುತ್ತಿದ್ದ.

"ಬಿಡ್ರಿ ಅಜ್ಜಾರ, ನಾ ಹೆಂಗರ ಮಾಡಿ ತರ್ತೀನಿ."

"ನಿನ್ನ ಕೆಲಸ ಮೊಣಕಾಲು. ನನ್ನ ಕೆಲಸ ನೀರು. ಇಬ್ಬರೂ ಅವರವರ ಕೆಲಸ ಮಾಡೂಣು."

ಹಿಮ ಕರಗಿತು. ಗುಡ್ಡದ ಕಾಲುದಾರಿ ಕಣ್ಣಿಗೆ ಬಿತ್ತು. ಅಜ್ಜಾರು ಕೇಳಿದರು, "ಕಾಲು ಹೆಂಗೈತಿ?"

"ಗುಣ ಆಗೇತ್ರಿ."

"ಖರೇನ?"

"ಖರೇನ್ರಿ."

ಖರೆಯಲ್ಲ. ಸಪಾಟು ನೆಲದಲ್ಲಿ ನಡೆಯಬಲ್ಲವನಾಗಿದ್ದ. ಇಳಿಯುವಾಗ ಮಾತ್ರ ಕಾಲು ನಡುಗುತ್ತಿತ್ತು. ಹೇಳಿದರೆ ಅಜ್ಜಾರು ಗುಡ್ಡದ ಆಸೆಯನ್ನೇ ಬಿಟ್ಟಾರು, ಅವರ ಕಡೆಯ ದರ್ಶನ ತನ್ನ ಹುಡುಗಾಟದಿಂದ ತಪ್ಪೀತು ಎಂದು ಹೆದರಿದ್ದ. ಅದಕ್ಕೆ ಅವರ ಮುಂದೆ ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತಿದ್ದ. ಮರೆಗೆ ಹೋಗಿ ಕುಂಟುತ್ತಿದ್ದ.

ರಾಚವ್ವನ ಕಣ್ಣು ತಪ್ಪಿಸುವುದು ಆಗಲಿಲ್ಲ. "ಕಟ್ಟಿ ಇಳೀವಾಗ ಗ್ವಾಡಿ ಹಿಡೀತೀಯಲ್ಲೋ. ಅಜ್ಜಾರಿಗೆ ಹೇಳು."

"ಹುಣ್ಣಿವಿ ತನಕ ಗುಣ ಆಕ್ಕೈತಿ. ನೀ ಹೇಳಬ್ಯಾಡ ರಾಚವ್ವಾ, ನನ್ನ ಆಣಿ ಐತಿ."

"ಆಣಿ ಹಾಕಿದ್ರ ನಾರು ಕೂಡತೈತೇನೋ?" ಅಂದಳು ಅವಳು. ಆದರೆ ಆಣೆಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಳು.

ಹುಣ್ಣಿಮೆಯ ಬೆಳಗು ಬಂತು. ಬುತ್ತಿ ಕಟ್ಟಿತ್ತು. ಗುಡ್ಡಕ್ಕೆ ಹೊರಡುವ ಮುನ್ನ ಶಿಷ್ಯ ಗುರುವಿಗೆ ಅಡ್ಡಬೀಳಬೇಕು, ಆಮೇಲೆ ಗುರು ಅವನ ಹೆಗಲ ಮೇಲೆ ಕೈ ಇಡಬೇಕು. ಅದೂ ಆ ಪರಂಪರೆಯ ಕಟ್ಟು.

ಅಜ್ಜಾರು ಅಂದರು, "ಈ ಸಲ ಅಡ್ಡ ಬೀಳಬ್ಯಾಡ. ನಿಂತ ಕೈ ಮುಗಿ, ಮುಟ್ಟತೈತಿ."

ನಿಂತು ಕೈ ಮುಗಿದಿದ್ದರೆ ಆಗಿಹೋಗುತ್ತಿತ್ತು. ಆದರೆ ಚನ್ನವೀರನಿಗೆ ಅನ್ನಿಸಿತು, ಅಡ್ಡಬೀಳದಿದ್ದರೆ ನನ್ನ ಕಾಲಿನ ಗುಟ್ಟು ಒಡೆದಂತೆಯೇ. ಅವನು ಮೊಣಕಾಲ ಪಟ್ಟಿ ಬಿಚ್ಚಿಟ್ಟ. ಅಜ್ಜಾರು ಬ್ಯಾಡ ಬ್ಯಾಡ ಅನ್ನುವುದರೊಳಗೆ ಉದ್ದಕ್ಕೆ ಅಡ್ಡಬಿದ್ದ.

ಬೀಳುವುದು ಸಲೀಸಾಗಿ ಆಯಿತು. ಏಳುವಾಗ ಮೊಣಕಾಲೂರಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ಒಳಗೆ ಮತ್ತೆ ಅದೇ ಸಪ್ಪಳ.

ಅಜ್ಜಾರ ಪಾದದ ಮುಂದೆ ಅವನು ಹಾಗೇ ಉಳಿದ.

"ಏಳಾಕ ಬರ್ತೈತೇನು?"

"ಇಲ್ರಿ."

"ಹಿಮ ಕರಗಿದ ಮ್ಯಾಲೆ ನೀ ನನ್ನ ಮುಂದ ಆಡಿದ ಮೊದಲನೇ ಖರೇ ಮಾತು ಇದು."

ಅಜ್ಜಾರು ಕೋಲು ಬದಿಗಿಟ್ಟು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತರು. ಬಿಸಿಲು ಗುಡ್ಡದ ನೆತ್ತಿಗೆ ಬಿದ್ದು ಕೆಳಗಿಳಿಯುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

"ಅಜ್ಜಾರ, ನಿಮಗ ದುಃಖ ಆಗೇತೇನ್ರಿ?"

"ಆಗೇತಿ. ಭಾಳ ಆಗೇತಿ."

ಏನೂ ಆಗಿಲ್ಲ ಅಂತಾರೆ, ಗುರು ಎಲ್ಲಾ ಕಡೆ ಅದಾನ ಅಂತ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದ ಚನ್ನವೀರ. ಅಜ್ಜಾರು ಹೇಳಲಿಲ್ಲ. ಅವರ ಗಡ್ಡ ತೊಯ್ದಿತ್ತು.

"ನೋವು ಐತಿ ಅಂದ್ರ ನೀವು ಗುಡ್ಡ ಬಿಡ್ತೀರಿ ಅಂತ ಸುಳ್ಳು ಹೇಳಿದ್ನ್ರಿ."

"ಯಾಕ ಬಿಡ್ತಿದ್ನೋ? ನೀ ಕುಂಟತೀ ಅಂತ ಹೇಳಿದ್ರ, ಹಿಮ ಕರಗಿ ದಾರಿ ಕಂಡ ದಿನಾನ ಹೊಂಡ್ತಿದ್ವಿ. ಇವತ್ತೊಂದಿಷ್ಟು, ನಾಳೆ ಒಂದಿಷ್ಟು. ಕುರಿ ಕಾಯೋರ ಗುಡಿಸಲಾಗ ಮಲಗಿ, ನಿನ್ನ ಕಾಲು ಬ್ಯಾಡ ಅಂದಲ್ಲಿ ಕುಂತು, ಹೂಂ ಅಂದಲ್ಲಿ ಎದ್ದು. ನಾ ಮುದುಕ, ನೀ ಕುಂಟ. ಅವಸರ ಯಾರಿಗಿತ್ತು?"

ಚನ್ನವೀರ ಬಾಯಿಗೆ ಕೈ ಒತ್ತಿ ಹಿಡಿದ. ಆದರೂ ಅಳು ನಿಲ್ಲಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಮಾತು ಎಲ್ಲರಿಗೂ ಗೊತ್ತು. ಆ ಬುದ್ಧಿ ಬರುವಾಗ ಎಷ್ಟು ನೋಯಿಸುತ್ತದೆಂದು ಅವನಿಗೆ ಅವತ್ತು ಗೊತ್ತಾಯಿತು.

ಬುತ್ತಿ ಬಿಚ್ಚಿ ಮೂವರೂ ಅಂಗಳದಲ್ಲೇ ಉಂಡರು. ರಾಚವ್ವ ಅವನು ಬಿಚ್ಚಿಟ್ಟ ಪಟ್ಟಿಯನ್ನು ತಂದು ಅವನ ಮುಂದಿಟ್ಟಳು.

ಮಳೆಗಾಲ ಹಿಡಿಯಿತು. ಚನ್ನವೀರ ಮತ್ತೆ ಮೊದಲಿನಿಂದ ಟವೆಲ್ಲು ಸುತ್ತಿದ. ಈಗ ದಿನಾ ಬೆಳಿಗ್ಗೆ ಅಜ್ಜಾರ ಮುಂದೆ ನಿಂತು ವರದಿ ಒಪ್ಪಿಸುತ್ತಿದ್ದ. ಇವತ್ತ ನೋವು ಐತ್ರಿ. ಇವತ್ತ ಬಾವು ಇಳದೈತ್ರಿ. ಇವತ್ತ ಮೆಟ್ಟಲಾ ಇಳದೆ, ಹೆದರಿಕಿ ಆತ್ರಿ. ಅಜ್ಜಾರು ಹೂಂ ಅನ್ನುತ್ತಿದ್ದರು.

ಇವನ ಕಾಲು ಗಟ್ಟಿಯಾಗುತ್ತ ಹೋದ ಹಾಗೆ ಅಜ್ಜಾರ ಕಾಲು ಸೋಲುತ್ತ ಹೋದವು. ಥಂಡಿಗೆ ಪಾದ ಬಾತವು. ಮೊದಲು ಹೊಳೆಗೆ ಹೋಗುವುದು ನಿಂತಿತು. ಆಮೇಲೆ ಅಂಗಳಕ್ಕೆ ಬರುವುದೂ ನಿಂತಿತು. ಅವರು ಹೇಳಿದಂತೆಯೇ ಆಯಿತು, ಹೇಳಿದ್ದಕ್ಕಿಂತ ಬೇಗ ಆಯಿತು.

ಮಳೆಗಾಲ ಕಳೆದು ಶೀಗಿ ಹುಣ್ಣಿಮೆ ಹತ್ತಿರ ಬಂದಾಗ ಪೇಟೆಯ ಡಾಕ್ಟರು ಚನ್ನವೀರನ ಕಾಲು ಮಡಚಿ, ಎಳೆದು, ತಿರುಗಿಸಿ ನೋಡಿದರು. ಇನ್ನು ಎಲ್ಲಿಗೆ ಬೇಕಾದರೂ ಹೋಗು ಅಂದರು. ಅವನಿಗೆ ಸಂತೋಷವಾಗಲಿಲ್ಲ. ದಾರಿಯುದ್ದಕ್ಕೂ ತನ್ನ ಗಟ್ಟಿಯಾದ ಕಾಲನ್ನು ಬೈದುಕೊಂಡು ಬಂದ.

ಅಜ್ಜಾರು ಗೋಡೆಗೆ ಒರಗಿ ಕೂತಿದ್ದರು.

"ಅಜ್ಜಾರ, ನಿಮ್ಮನ್ನ ಬೆನ್ನಾಗ ಹೊತ್ಕೊಂಡು ಹೋಗ್ತೀನ್ರಿ. ಗುಡ್ಡದ ಮ್ಯಾಲೆ ಯಾರು ನೋಡ್ತಾರ?"

"ನಮ್ಮ ಗುರುಗಳು ನೋಡ್ತಾರ."

"ಇದೊಂದು ಸಲ ಕಟ್ಟು ಮುರದ್ರ ಏನಾಕ್ಕೈತ್ರಿ?"

"ನಿನ್ನ ಮನಸು ಹಗುರಾಕ್ಕೈತಿ. ಅಷ್ಟ."

ಚನ್ನವೀರ ಅವರ ಬಾತ ಪಾದಗಳ ಮೇಲೆ ಕಂಬಳಿ ಎಳೆದ.

"ನೀನ ಹೋಗಿ ಬಾ," ಅಂದರು ಅಜ್ಜಾರು. "ಹಣಿ ಹಚ್ಚಿ ಬಾ. ಹಿಮ ಬೀಳೂದರೊಳಗ ಹೋಗು."

ಮರುದಿನ ನಸುಕಿನಲ್ಲಿ ಅವನು ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ, ಹೊರಡಲೂ ಇಲ್ಲ.

"ಮ್ಯಾಲೆ ಹೋಗಿ ಏನಂತ ಹೇಳ್ಲಿ ಅಜ್ಜಾರ?"

"ಖರೇ ಹೇಳು. ಅಡವಯ್ಯನ ಕಾಲು ಸೋತುವು, ಇನ್ನ ಬರೂದಿಲ್ಲ ಅಂತ ಹೇಳು."

"ನನ್ನಿಂದ ತಪ್ಪಿತು ಅಂತನೂ ಹೇಳ್ತೀನ್ರಿ."

"ಅದನ್ನ ಹೇಳಬ್ಯಾಡ."

"ಅದೂ ಖರೇನ ಅಲ್ರಿ?"

"ಖರೇನ ಐತಿ. ಆದ್ರ ಆ ದೂರು ನಂದು, ತಮ್ಮಾ. ಹೇಳಿದ್ರ ನಾ ಹೇಳಬೇಕು. ನಾಳೆ ಕಣ್ಣು ಮುಚ್ಚಿ ನಾನ ಅವರ ಹತ್ರ ಹೋಗ್ತೀನಲ್ಲ, ಆವಾಗ ಕೇಳಿದ್ರೂ ಹೇಳಂಗಿಲ್ಲ."