ಹಾಡಿನ ಮನೆಗೆ ಕಾವಲು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಶರಣವ್ವ ಎಂಬ ಗುರುತಾಯಿ ಇದ್ದರು. ತೀರಿಕೊಂಡ ತಮ್ಮ ಗುರುಗಳ ನೆನಪಿಗೆ ಅವರಲ್ಲಿ ಉಳಿದದ್ದು ಆ ಗುರುಗಳೇ ಹಾಡಿದ ತತ್ವಪದಗಳ ಕ್ಯಾಸೆಟ್ಟುಗಳು ಮಾತ್ರ. ಶಿಷ್ಯ ಗುರುಸಿದ್ಧ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ದೂರದೂರಿನ ಭಕ್ತರೂ ಕೇಳಲಿ ಎಂದು ಆಶ್ರಮದಲ್ಲೇ ಸರ್ವರ್ ಇಟ್ಟ. ಆಮೇಲೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದವು.

ಒಂದು ದಿನ ಯಾರೋ ಗೊತ್ತಿಲ್ಲದವರು ಸರ್ವರಿನೊಳಗೆ ನುಗ್ಗಿ ಒಂದು ತತ್ವಪದವನ್ನು ಅಳಿಸಿಹಾಕಿದರು. ಅದು ಇನ್ನೆಲ್ಲೂ ಇರಲಿಲ್ಲ. ಗುರುಸಿದ್ಧ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಕೆಲಸಕ್ಕೆ ಕೂತ. ಮುಗಿಸಿ ಶರಣವ್ವನವರ ಬಳಿ ಬಂದ.

"ಅವ್ವಾರ, ರಿವರ್ಸ್ ಪ್ರಾಕ್ಸಿ ಕೂಡಿಸೀನ್ರಿ."

"ಅದೇನಪಾ?"

"ಬಾಗಿಲದಾಗ ನಿಂತ ಆಳು ಇದ್ದಂಗ್ರಿ. ಯಾವ ಪದ ಬೇಕಂತ ಕೇಳ್ತೈತಿ, ಒಳಗಿಂದ ತಂದು ಕೊಡ್ತೈತಿ. ಹೊರಗಿನವರು ಒಳಗ ಕಾಲಿಡಂಗಿಲ್ಲ."

"ಚಲೋ ಆತು. ಇವತ್ತ ಪ್ರಸಾದಕ್ಕ ನೀನ ಆ ಆಳಾಗು."

ಊಟಕ್ಕೆ ಬಂದವರು ಅಡುಗೆಮನೆಗೆ ಹೋಗುವ ಪದ್ಧತಿ ಅಲ್ಲಿರಲಿಲ್ಲ. ಗುರುಸಿದ್ಧ ಬಾಗಿಲಲ್ಲಿ ನಿಂತು, ಕೇಳಿದ್ದನ್ನು ಒಳಗಿನಿಂದ ತಂದು ಬಡಿಸಿದ. ಜೊತೆಗೆ ತನ್ನ ಪ್ರಾಕ್ಸಿಯ ಕಥೆಯನ್ನೂ ಬಡಿಸಿದ.

"ಭಲೇ ಗುರುಸಿದ್ಧ! ನೀ ಇದ್ದದ್ದಕ್ಕ ಗುರುಗಳ ದನಿ ಉಳೀತು ನೋಡು," ಎಂದರು ಭಕ್ತರು.

ಅವನು ಉಬ್ಬಿಹೋದ. ಇನ್ನಷ್ಟು ಹೊತ್ತು ಅಲ್ಲೇ ನಿಂತು ಕೇಳಿಸಿಕೊಂಡ.

ಕೊನೆಗೆ ಹುಗ್ಗಿ ತರಲು ಒಳಗೆ ಹೋದರೆ, ಪಾತ್ರೆಯೊಳಗೆ ಎಮ್ಮೆಕರು ಮೂತಿ ಇಟ್ಟಿತ್ತು.

"ಇದು ಹೆಂಗ ಬಂತ್ರಿ? ನಾ ಬಾಗಿಲದಾಗ ನಿಂತಿದ್ನಲ್ರಿ!"

ಒಲೆಯ ಪಕ್ಕ ಕೂತಿದ್ದ ಶರಣವ್ವ ಹಿತ್ತಲ ಬಾಗಿಲ ಕಡೆ ಕೈ ತೋರಿಸಿದರು. ಬೆಳಿಗ್ಗೆ ಕಟ್ಟಿಗೆ ತಂದ ಗುರುಸಿದ್ಧ ಆ ಬಾಗಿಲನ್ನು ಹಾಕಿರಲೇ ಇಲ್ಲ.

ಅವನಿಗೆ ಸರ್ವರ್ ನೆನಪಾಯಿತು. ಸೌಟು ಬಿಟ್ಟು ಕಂಪ್ಯೂಟರಿನ ಕೋಣೆಗೆ ಓಡಿದ. ಮುಂಬಾಗಿಲಿಗೆ ಪ್ರಾಕ್ಸಿಯನ್ನೇನೋ ಕೂಡಿಸಿದ್ದ; ಆದರೆ ಸರ್ವರಿಗೆ ನೇರವಾಗಿ ಹೋಗುವ ಹಳೆಯ ಪೋರ್ಟು ಹಾಗೇ ತೆರೆದಿತ್ತು. ಅದನ್ನು ಮುಚ್ಚಿದ. ಪುಣ್ಯಕ್ಕೆ ಉಳಿದ ಪದಗಳೆಲ್ಲ ಇದ್ದವು.

ವಾಪಸ್ಸು ಬಂದು ಗುರುವಿನ ಪಕ್ಕ ಕೂತ.

"ಮುಚ್ಚಿದ್ನಿರಿ ಅವ್ವಾರ. ಇನ್ನ ಯಾವ ಹಿತ್ತಲ ಬಾಗಿಲೂ ಉಳಿದಿಲ್ಲ."

ಶರಣವ್ವ ಕರುವಿನ ಮೂತಿ ಒರೆಸುತ್ತ ಕೇಳಿದರು:

"ಮತ್ತ ಆಗಳೆ ಮಂದಿ ಹೊಗಳಿದ್ರಲ್ಲ, ಅದು ಯಾವ ಬಾಗಿಲಿಂದ ನಿನ್ನೊಳಗ ಬಂತಪಾ?"